ನೆನೆದ ಟೇಪು

ಶಿವರಾಂಪೇಟೆಯಲ್ಲಿ ಒಂದು ಮಹಡಿ ಮೆಟ್ಟಿಲ ಕೆಳಗೆ
ನನ್ನ ಅಂಗಡಿ. ಎದ್ದರೆ ತಲೆ ತಾಗುತ್ತದೆ,
ಕೂತು ಹೊಲಿಯುವವನಿಗೆ ಅಷ್ಟು ಎತ್ತರ ಸಾಕು.

ಒಂದು ಶ್ರಾವಣ ಮೆಟ್ಟಿಲು ಸೋರಿ ಟೇಪು ನೆನೆಯಿತು.
ಒಣಗಿದ್ದು ಕಂಡೆ, ಕುಗ್ಗಿದ್ದು ಕಾಣಲಿಲ್ಲ.
ಆ ವಾರ ಅಳತೆ ಕೊಟ್ಟವರ ಎದೆಯೆಲ್ಲ ಹಿಗ್ಗಿತ್ತು,
ಸಣಕಲು ಡ್ರಾಯಿಂಗ್ ಮೇಷ್ಟ್ರಿಗೂ ಮೂವತ್ತೆಂಟು!
ಕತ್ತರಿಸುವಾಗ ಮಾತ್ರ ಕಬ್ಬಿಣದ ಸ್ಕೇಲು,
ಅದಕ್ಕೆ ಮಳೆ ತಗಲದು. ಅಂಗಿಗಳೆಲ್ಲ ದೊಗಲೆ.
ಅವತ್ತಿನಿಂದ ಯಾರಾದರೂ ಬೆಲೆ ಏರಿತು ಅಂದರೆ
ಮೊದಲು ಕೇಳುತ್ತೇನೆ: ಟೇಪು ನೋಡಿದಿರಾ?

ಎಂಬತ್ತೊಂಬತ್ತರಲ್ಲಿ ಕೆಇಬಿ ಪುಟ್ಟಬುದ್ದಿಯವರು
ಪ್ಯಾಂಟಿನ ಟ್ರಯಲ್ ನೋಡುತ್ತಾ ಅಂದಿದ್ದರು:
‘ಪಿಸ್ಸೆಯವರೇ, ಬೋಗಾದಿ ಕಡೆ ಮೂವತ್ತು ನಲವತ್ತು,
ನಲವತ್ತೇ ಸಾವಿರ. ನನ್ನ ಪಕ್ಕದ್ದೇ. ಹಾಕಿಬಿಡಿ.’
ಬೋಗಾದಿ! ಆಗಲ್ಲಿ ಹುರುಳಿ ಬಿತ್ತುತ್ತಿದ್ದರು.
‘ನರಿಗಳಿಗೆ ಅಂಗಿ ಹೊಲಿಯಲೇ ಸ್ವಾಮಿ?’ ಅಂದೆ.
ಅಂಗಡಿಯಲ್ಲಿದ್ದವರೆಲ್ಲ ನಕ್ಕರು.
ಅಷ್ಟು ದುಬಾರಿ ನಗು ನಾನು ಮತ್ತೆ ಕೊಂಡಿಲ್ಲ.

ಇದ್ದ ದುಡ್ಡಲ್ಲಿ ಇಂದೂಬಾಯಿಗೆ ನಾಲ್ಕು ಬಳೆ,
ಉಳಿದದ್ದು ಅಂಚೆ ಪತ್ರ, ಐದೂವರೆ ವರ್ಷಕ್ಕೆ ಎರಡರಷ್ಟು.
ಅದೇ ವರ್ಷ ಲಕ್ಷ್ಮೀಪುರಕ್ಕೆ ಯೋಗ ಕಲಿಯಲು ಬಂದ
ಬಿಳಿ ಹುಡುಗಿ ಐದು ಪೈಜಾಮಕ್ಕೆ
ಇಪ್ಪತ್ತು ಡಾಲರಿನ ನೋಟು ಕೊಟ್ಟಳು.
ಗುಂಡಿ ಡಬ್ಬಿಯಲ್ಲಿ ಇನ್ನೂ ಇದೆ.

ಡಾಲರಿಗೆ ಆಗ ಹದಿನಾರು, ಈಗ ಎಂಬತ್ತೈದರ ಮೇಲೆ.
ಗುಂಡಿಗಳ ಜೊತೆ ನಿದ್ದೆ ಹೊಡೆಯುತ್ತಲೇ ಐದು ಪಟ್ಟು.
ಅಂಚೆ ಪತ್ರ ಎರಡು ಸಲ ದುಪ್ಪಟ್ಟಾಗಿ
ಮಗಳ ಮದುವೆಯ ಹೋಳಿಗೆಯಲ್ಲಿ ಕರಗಿತು.
ಬಳೆ ಮೂವತ್ತು ಪಟ್ಟು, ಆದರೆ ಇಂದೂಬಾಯಿ
ಅವನ್ನು ಹಾಕಿಕೊಂಡೇ ಪಾತ್ರೆ ತಿಕ್ಕುತ್ತಾಳೆ,
ಬಚ್ಚಲಿಗೆ ದಿನವೂ ಒಂದಿಷ್ಟು ಬಡ್ಡಿ.
ಪುಟ್ಟಬುದ್ದಿಯವರ ಸೈಟು? ಎಂಬತ್ತು ಲಕ್ಷ.
ಇನ್ನೂರು ಪಟ್ಟು.

ರಾತ್ರಿ ಬಾಗಿಲೆಳೆದು ಬಿಲ್ ಪುಸ್ತಕದ ಬೆನ್ನಿಗೆ
ಲೆಕ್ಕ ಹಾಕಿದೆ. ರೂಪಾಯಿ ನೆನೆದ ಟೇಪು, ಬಿಡು.
ಚಿನ್ನದ ಕೋಲು ಹಿಡಿ: ಸೈಟು ಆಗ ಹದಿನಾರು ಸವರನ್,
ಈಗ ನೂರು. ಇನ್ನೂರು ಪಟ್ಟು ಇದ್ದದ್ದು
ಆರಕ್ಕೆ ಇಳಿಯಿತು! ನೆಮ್ಮದಿಯಾಗಿ ಬೀಡಿ ಹಚ್ಚಿದೆ.

ಬೀಡಿ ಅರ್ಧಕ್ಕೆ ಬರುವ ಮೊದಲೇ, ಸುಮ್ಮನಿರದ ಕೈ
ಇನ್ನೊಂದು ಕೋಲು ತೆಗೆಯಿತು. ಅಂಗಿ.
ಆಗ ಹೊಲಿಗೆ ಹದಿನೆಂಟು. ಸೈಟಿಗೆ
ಎರಡು ಸಾವಿರದ ಇನ್ನೂರು ಅಂಗಿ,
ದಿನಕ್ಕೆ ನಾಲ್ಕರಂತೆ ಒಂದೂವರೆ ವರ್ಷ.
ಈಗ ಹೊಲಿಗೆ ನಾನೂರೈವತ್ತು. ಸೈಟಿಗೆ
ಹದಿನೇಳು ಸಾವಿರದ ಚಿಲ್ಲರೆ ಅಂಗಿ,
ಉಣ್ಣದೆ, ಬಾಡಿಗೆ ಕಟ್ಟದೆ, ಕನ್ನಡಕ ಬದಲಿಸದೆ
ಹನ್ನೆರಡು ವರ್ಷ. ನನಗೀಗ ಅರವತ್ತೆಂಟು.
ಈ ಕೋಲು ನೆನೆದಿಲ್ಲ. ಇದು ನನ್ನ ಕೈ.

ಇನ್ನೊಂದು ಲೆಕ್ಕ, ಇಂದೂಬಾಯಿಗೂ ಹೇಳಿಲ್ಲ:
ಐವತ್ತೈದು ಅಂಗಿಯ ಬಟ್ಟೆ ಬಿಡಿಸಿ ಹಾಸಿದರೆ
ಹೆಚ್ಚುಕಮ್ಮಿ ಒಂದು ಮೂವತ್ತು ನಲವತ್ತು.
ಅಂದರೆ ಹದಿನೈದು ದಿನಕ್ಕೊಂದು ಸೈಟು
ಕತ್ತರಿಸಿದ್ದೇನೆ, ನಲವತ್ತು ವರ್ಷ.
ಎಲ್ಲವೂ ಬೇರೆಯವರ ಮೈಮೇಲೆ ನೋಂದಣಿಯಾಗಿವೆ.

ಮೊನ್ನೆ ಪುಟ್ಟಬುದ್ದಿಯವರು ಬಂದರು.
ಸೈಟು ಮಾರಿ ಮೂರೂ ಮಕ್ಕಳಿಗೆ ಹಂಚುತ್ತಾರಂತೆ,
ರಿಜಿಸ್ಟ್ರೇಷನ್ ದಿನಕ್ಕೆ ಒಂದು ಬಿಳಿ ಅಂಗಿ ಬೇಕು.
ಹೊಸ ಟೇಪು ಸುತ್ತಿದೆ. ಎದೆ ನಲವತ್ತು,
ಹೊಟ್ಟೆ ನಲವತ್ತನಾಲ್ಕು. ಇದು ನಿಜವಾದ ಏರಿಕೆ.

‘ಹೊಲಿಗೆ ಎಷ್ಟು?’
‘ನಾನೂರೈವತ್ತು.’
‘ಅಯ್ಯಯ್ಯೋ! ಹೋದ ಸಲ ನಾನೂರಿತ್ತಲ್ರೀ.
ಹೀಗೆ ಏರಿಸ್ತಾ ಹೋದ್ರೆ ನಮ್ಮಂಥೋರು ಬದುಕೋದು ಹೇಗೆ?’

ನಲವತ್ತು ಬಿಡಿ ಅಂದರು.
ಮೂವತ್ತು ಬಿಟ್ಟೆ.